ಮದುವೆ ಎಂಬ ಹೆಸರಿನ ಫೋಲ್ಡರ್

ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ಊರಿನಲ್ಲಿದ್ದ ಮಲ್ಲಿಕಾರ್ಜುನಯ್ಯನವರ ರಕ್ತಪರೀಕ್ಷೆ ಲ್ಯಾಬುಗಳ ಕಂಪ್ಯೂಟರುಗಳನ್ನು ಕಾಂತರಾಜು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದ. ಮೂರಕ್ಕೂ ಸೇರಿ ಒಬ್ಬ ಮ್ಯಾನೇಜರ್ ಬೇಕು ಎಂದಾಗ, ಆ ಕುರ್ಚಿಯನ್ನು ತನ್ನ ಅಳತೆ ತೆಗೆದೇ ಮಾಡಿಸಿದ್ದಾರೆಂದು ಅವನು ನಂಬಿದ್ದ. ಮಲ್ಲಿಕಾರ್ಜುನಯ್ಯ ಅದರಲ್ಲಿ ಅಜ್ಜಂಪುರದ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದ ಭೂಮಿಕಾಳನ್ನು ಕೂರಿಸಿದರು.

"ನೀನು ಮಿಷನ್ ಜತೆ ಚೆನ್ನಾಗಿರ್ತೀಯ ಕಣಪ್ಪಾ, ಜನಗಳ ಜತೆ ಅವ್ಳು ಚೆನ್ನಾಗಿರ್ತಾಳೆ" ಎಂದು ಸಮಾಧಾನವನ್ನೂ ಹೇಳಿದರು.

ಆ ಸಮಾಧಾನವನ್ನು ಕಾಂತರಾಜು ಒಂದು ತಿಂಗಳು ನುಂಗಿಕೊಂಡಿದ್ದ. ಅಷ್ಟರಲ್ಲಿ ಯಾವುದೋ ಊರಿನ ಆಸ್ಪತ್ರೆಯ ರೋಗಿಗಳ ಮಾಹಿತಿ ಕಳುವಾದ ಸುದ್ದಿ ಪೇಪರಿನಲ್ಲಿ ಬಂತು. ಮಲ್ಲಿಕಾರ್ಜುನಯ್ಯ ಗಾಬರಿಯಾದರು. ಕಾಂತರಾಜುವಿಗೆ ದೇವರು ಕಣ್ಣು ಬಿಟ್ಟಂತಾಯಿತು.

"ಕಡೂರಲ್ಲಿ ಒಂದು ಸ್ಕ್ಯಾನರ್ ಐತೆ ಸಾರ್. ನೆಟ್‌ವರ್ಕಲ್ಲಿರೋ ಕಂಪ್ಯೂಟರೆಲ್ಲ ತಡಕಿ, ಎಲ್ಲಿ ತೂತೈತೆ, ಯಾರತ್ರ ಇರಬಾರ್ದ ಫೈಲ್ ಐತೆ ಅಂತ ಬರೀತದೆ. ಅದೊಂದೇ ಸಾಕಾಗಲ್ಲ. ತರೀಕೆರೆಗೊಂದು, ಅಜ್ಜಂಪುರಕ್ಕೊಂದು ಹಾಕ್ಬೇಕು."

"ಹೊಸ ಕಂಪ್ಯೂಟರ್ ತರ್ಬೇಕೇನೋ?"

"ಬ್ಯಾಡ ಸಾರ್. ವರ್ಚುವಲ್ ಮಷೀನ್ ಅಂತ. ಇರೋ ಕಂಪ್ಯೂಟರ್ ಹೊಟ್ಟೆಯೊಳ್ಗೇ ಇನ್ನೊಂದು ಕಂಪ್ಯೂಟರ್."

"ಬಸುರಿ ಹಂಗೆ?"

"ಹಂಗೇ ಅನ್ಕಳಿ ಸಾರ್. ಬಾಣಂತನ ಒಂದಿಲ್ಲ."

ಯೋಜನೆ ಸರಳವಾಗಿತ್ತು, ಆದ್ದರಿಂದಲೇ ಸುಂದರವಾಗಿತ್ತು. ಹೆಣ್ಣು ನೋಡಲು ಬರುವ ಮೊದಲೇ ಅವಳ ಥೈರಾಯ್ಡ್ ವಿಷಯವನ್ನು ದುಡ್ಡು ಕೊಟ್ಟಾದರೂ ತಿಳಿಯಲು ಹಾತೊರೆಯುವ ಬೀಗರಿಗೆ ಈ ಸೀಮೆಯಲ್ಲಿ ಬರವಿರಲಿಲ್ಲ. ಇನ್ನೂರ ಹನ್ನೆರಡು ಹುಡುಗಿಯರ ರಿಪೋರ್ಟುಗಳು 'ಮದುವೆ' ಎಂಬ ಹೆಸರಿನ ಫೋಲ್ಡರಿನಲ್ಲಿ ಭೂಮಿಕಾಳ ಕಂಪ್ಯೂಟರಿನಲ್ಲಿ ಸಿಕ್ಕರೆ, ಯಾರೂ ವಿವರಣೆ ಕೇಳುವುದಿಲ್ಲ. ಹುಡುಕಿಕೊಡುವುದೂ ಅವನಲ್ಲ, ಯಂತ್ರ. ಯಂತ್ರಕ್ಕೆ ಹೊಟ್ಟೆಕಿಚ್ಚಿದೆ ಎಂದು ಯಾರಾದರೂ ಅಂದಾರೆಯೇ?

ಬುಧವಾರ ತರೀಕೆರೆಯ ಸ್ಕ್ಯಾನರ್ ಸಿದ್ಧವಾಯಿತು. ಗಂಟೆಗೊಮ್ಮೆ ಮೂರೂ ಊರಿನ ಕಂಪ್ಯೂಟರುಗಳನ್ನು ಸುತ್ತಿ ಬರುವಂತೆ ಅದಕ್ಕೆ ಹೇಳಿದ. ಗುರುವಾರ ಬೀರೂರಿನಲ್ಲಿ ರೈಲು ಹತ್ತಿ ಅಜ್ಜಂಪುರಕ್ಕೆ ಹೋದ. ಭೂಮಿಕಾ ಬಾಗಿಲಲ್ಲೇ ಎದುರಾದಳು.

"ಬಾ ಕಾಂತರಾಜಣ್ಣ, ತಿಂಡಿ ಆಯ್ತಾ? ನಮ್ಮವ್ವ ಅಕ್ಕಿರೊಟ್ಟಿ ಕಟ್ಕೊಟ್ಟೈತೆ."

ಅವನು ರೊಟ್ಟಿ ತಿಂದ. ಚಟ್ನಿ ಚೆನ್ನಾಗಿತ್ತು. ಒಂದು ಕ್ಷಣ ಮನಸ್ಸು ಹಿಂಜರಿಯಿತು, ಕೈ ತೊಳೆದ ಮೇಲೆ ಸರಿಹೋಯಿತು.

ಮೂಲೆಯ ಕಂಪ್ಯೂಟರಿನೊಳಗೆ ಅಜ್ಜಂಪುರದ ಸ್ಕ್ಯಾನರಿಗೆಂದು ವರ್ಚುವಲ್ ಮಷೀನ್ ಎಬ್ಬಿಸಿದ. ರಿಪೋರ್ಟುಗಳನ್ನು ತನ್ನ ಲಾಗಿನ್ನಿನಲ್ಲಿ ಒಂದೊಂದಾಗಿ ಮೊದಲು ಅದರಲ್ಲೇ ಕೂಡಿಟ್ಟ. ಭೂಮಿಕಾ ಮಾದರಿ ಕೊಡಲು ಬಂದ ಮುದುಕಿಯೊಬ್ಬಳನ್ನು ಮಾತಾಡಿಸುತ್ತ ಕೂತಿದ್ದಾಗ, ಅವಳದೇ ಪಾಸ್‌ವರ್ಡಿನಲ್ಲಿ ಫೋಲ್ಡರನ್ನು ಅವಳ ಕಂಪ್ಯೂಟರಿಗೆ ದಾಟಿಸಿದ. ಆಮೇಲೆ ಆ ವರ್ಚುವಲ್ ಮಷೀನನ್ನೇ ಅಳಿಸಿ, ಅದೇ ಹೆಸರಿನಲ್ಲಿ ಹೊಸದೊಂದನ್ನು ಮಾಡಿದ. ಹೂಳಲು ಹೆಣವಿಲ್ಲ, ಒರೆಸಲು ಬೆರಳಚ್ಚಿಲ್ಲ. ಇಂಥ ಬುದ್ಧಿವಂತನನ್ನು ಮ್ಯಾನೇಜರ್ ಮಾಡದವರ ಮೇಲೆ ಅವನಿಗೆ ನಿಜವಾಗಿಯೂ ಕನಿಕರ ಹುಟ್ಟಿತು.

ಸೋಮವಾರ ಹನ್ನೊಂದಕ್ಕೆ ಕಡೂರಿನಲ್ಲಿ ಮೀಟಿಂಗು. ಮೂರೂ ಸ್ಕ್ಯಾನರುಗಳ ವರದಿ ಅರವತ್ತನಾಲ್ಕು ಪುಟ. ಭೂಮಿಕಾಳ ಪುಟ ಕೆಂಪಕ್ಷರದಲ್ಲಿರುವುದನ್ನು ಖಚಿತಪಡಿಸಿಕೊಂಡು, ಉಳಿದದ್ದನ್ನು ಓದುವ ಗೋಜಿಗೆ ಹೋಗದೆ, ಕಾಂತರಾಜು ಮೂರು ಪ್ರತಿ ಕಲರಿನಲ್ಲಿ ತೆಗೆಸಿದ್ದ.

ಮಲ್ಲಿಕಾರ್ಜುನಯ್ಯನವರ ಮುಖ ಕಪ್ಪಿಟ್ಟಿತು. "ಏನಮ್ಮಾ ಇದು? ಹೆಣ್ಮಕ್ಕಳ ರಿಪೋರ್ಟ್ ಇಟ್ಕಂಡು ಯಾಪಾರ ಮಾಡ್ತಿದ್ಯಾ?"

"ನಂಗೊತ್ತಿಲ್ಲ ಸಾರ್. ನಮ್ಮವ್ವನಾಣೆ" ಎಂದಳು ಭೂಮಿಕಾ.

"ಮಿಷನ್ ಸುಳ್ಳು ಹೇಳಲ್ಲಮ್ಮ" ಎಂದ ಕಾಂತರಾಜು ಮೃದುವಾಗಿ. ಆ ಮೃದುತ್ವ ಅವನಿಗೇ ಮೆಚ್ಚಿಗೆಯಾಯಿತು.

ಅವಳು ಕಣ್ಣೊರೆಸಿಕೊಂಡು ಹಾಳೆ ತಿರುವತೊಡಗಿದಳು. ಸೋತವರು ಓದಿಕೊಳ್ಳಲಿ ಎಂದು ಅವನು ಕುರ್ಚಿಗೆ ಒರಗಿದ. ನಲವತ್ತೊಂದನೇ ಪುಟದಲ್ಲಿ ಅವಳ ಬೆರಳು ನಿಂತಿತು.

"ಕಾಂತರಾಜಣ್ಣ, ಇಲ್ಲೂ ಕೆಂಪಕ್ಷರ ಐತಲ್ಲ. ಇದು ಯಾರ ಕಂಪ್ಯೂಟ್ರು?"

ನೆಟ್‌ವರ್ಕಿನಲ್ಲಿರುವ ಎಲ್ಲವನ್ನೂ ತಡಕು ಎಂದು ಅವನು ತರೀಕೆರೆಯ ಸ್ಕ್ಯಾನರಿಗೆ ಹೇಳಿದ್ದ. ಅಜ್ಜಂಪುರದ ಸ್ಕ್ಯಾನರೂ ನೆಟ್‌ವರ್ಕಿನಲ್ಲಿರುವ ಒಂದು ಕಂಪ್ಯೂಟರೇ ಎಂಬುದು ಅವನಿಗೆ ಹೊಳೆದಿರಲಿಲ್ಲ. ವಿಧೇಯ ಯಂತ್ರ ಗುರುವಾರ ಹನ್ನೊಂದು ಹತ್ತಕ್ಕೆ ಅದರೊಳಗೂ ಇಣುಕಿ, 'ಮದುವೆ' ಫೋಲ್ಡರನ್ನು ಕಂಡು, ತರೀಕೆರೆಯಲ್ಲೇ ಕೂತು ಬರೆದಿಟ್ಟಿತ್ತು. ಭೂಮಿಕಾಳ ಕಂಪ್ಯೂಟರಿನಲ್ಲಿ ಅದು ಕಾಣಿಸಿದ್ದು ಹನ್ನೆರಡು ಹತ್ತರ ಸುತ್ತಿನಲ್ಲಿ. ಕೆಂಪಕ್ಷರದ ಪಕ್ಕದಲ್ಲಿ 'ಬಳಸಿದವರು' ಎಂಬ ಕಾಲಮ್ಮು, ಅದರಲ್ಲಿ ಒಂದೇ ಹೆಸರು. ಮಲ್ಲಿಕಾರ್ಜುನಯ್ಯ ಕನ್ನಡಕ ಏರಿಸಿಕೊಂಡು ಆ ಹೆಸರನ್ನು ಅಕ್ಷರ ಬಿಡಿಸಿ ಓದಿದರು: ಕಾಂ, ತ, ರಾ, ಜು.