ಒಪ್ಪಿಗಿ ಐತೇನ್ರಿ?

"ಈ ಹೊಲದ ಮಾಲಕರು ಯಾರ್ರಿ?"

ತಲೆ ತಗ್ಗಿಸಿ ಡ್ರೋನಿನ ರೆಕ್ಕೆ ಬಿಚ್ಚುತ್ತಿದ್ದವನು ಕೇಳಿದ. ಬದುವಿನ ಮೇಲೆ ನಿಂತಿದ್ದ ಅಲ್ಮಾಸಳಿಗೆ ಆ ದನಿ ಗೊತ್ತಿತ್ತು. ಎರಡು ವರ್ಷದ ಹಿಂದೆ ಕೇಳಿದ್ದು ಒಂದೇ ಒಂದು ಮಾತು... ಆದರೂ ಗೊತ್ತಿತ್ತು.

ಅವನು ತಲೆ ಎತ್ತಿದ. ಶಾಕೀರ.

ಸುರೇಬಾನದಿಂದ ಅವಳನ್ನು ನೋಡಲು ಬಂದು, ಚಹಾ ಕುಡಿದು ಹೋಗಿ, ಎಂಟನೇ ದಿನಕ್ಕೆ ಬೇಡವೆಂದು ಹೇಳಿಕಳಿಸಿದ ಅದೇ ಶಾಕೀರ!

ಅವಳ ಎದೆ ಹೊಡೆದುಕೊಳ್ಳಬೇಕಿತ್ತು. ಸಿಟ್ಟಾದರೂ ಬರಬೇಕಿತ್ತು. ಏನೂ ಆಗಲಿಲ್ಲ. ಕೆಸರಿನಲ್ಲಿ ಬರಿಗಾಲಲ್ಲಿ ನಿಂತಿದ್ದರೂ ಕಾಲು ತಣ್ಣಗಾದದ್ದು ಅವಳಿಗೆ ತಿಳಿಯುತ್ತಿರಲಿಲ್ಲ. ಆ ಎಂಟನೇ ದಿನದಿಂದ ಹಾಗೇ. ಉಣ್ಣುತ್ತಿದ್ದಳು, ದುಡಿಯುತ್ತಿದ್ದಳು, ಕರೆದರೆ ಓ ಅನ್ನುತ್ತಿದ್ದಳು. ಅತ್ತಿರಲಿಲ್ಲ, ನಕ್ಕಿರಲಿಲ್ಲ.

ಹುಡುಗಿಯಲ್ಲೇ ಏನೋ ಕೊರತೆ ಇದ್ದೀತು ಎಂದು ಅವಳೂರು ಮನೋಳಿಯ ಮಂದಿ ಆಡಿಕೊಂಡರು. ಆಡಿಕೊಳ್ಳುವವರ ಬಾಯಿಗೇನು ಬೀಗವೇ? ಅಪ್ಪ ಟಿಪ್ಪುಸಾಬ ಮಾತ್ರ, ಮಗಳಿಗೊಂದು ಆಸರೆ ಇರಲೆಂದು ಮೂರು ಎಕರೆ ಹತ್ತಿ ಹೊಲವನ್ನು ಅವಳ ಹೆಸರಿಗೆ ಮಾಡಿಸಿದ್ದ.

ಈಗ ಆ ಹತ್ತಿಯೂ ಕೈಬಿಡುವ ಹಾಗಿತ್ತು. ಹನ್ನೊಂದು ದಿನ ಬಿಡದೆ ಹೊಡೆದ ಮಳೆಗೆ ಎಲೆ ಕೆಂಪಾಗಿ ಮೊಗ್ಗು ಉದುರುತ್ತಿತ್ತು. ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧದ ಎಣ್ಣೆ ಹೊಡೆಯಲು ಒಳಗಿಳಿದ ಆಳು ಮೊಳಕಾಲವರೆಗೆ ಹೂತು ವಾಪಸ್ ಬಂದಿದ್ದ. ಅದಕ್ಕೇ ತಾಲೂಕಿನವರು ಪಂಚಾಯ್ತಿ ಮೂಲಕ ಡ್ರೋನ್ ಕಳಿಸಿದ್ದರು. ಯಾದಿ ಹಿಡಿದು ಬಂದ ಪಂಚಾಯ್ತಿ ಮೆಂಬರ್ ರಾಚವ್ವ ಮೊದಲೇ ಹೇಳಿದ್ದಳು: ಮನೋಳಿಗೆ ಇವತ್ತೊಂದೇ ದಿನ, ನಾಳೆ ಡ್ರೋನ್ ಯರಗಟ್ಟಿ ಕಡೆ ಹೋಗುತ್ತದೆ.

ಒಂದು ನಿಯಮ ಮಾತ್ರ ಇತ್ತು. ಹೊಲದ ಮಾಲೀಕರು ಮೊಬೈಲ್ ಕ್ಯಾಮೆರಾ ಮುಂದೆ ಬಾಯಿಬಿಟ್ಟು ಒಪ್ಪಿಗೆ ಹೇಳಬೇಕು. ಹೇಳದಿದ್ದರೆ ಡ್ರೋನ್ ಏಳುವಂತಿಲ್ಲ.

ಶಾಕೀರ ಮೊಬೈಲ್ ಎತ್ತಿ ಹಿಡಿದ. ಅವಳ ಗುರುತು ಅವನಿಗೂ ಸಿಕ್ಕಿತ್ತು; ಕಣ್ಣನ್ನು ಪರದೆಯ ಮೇಲೇ ಇಟ್ಟ.

"ಎಣ್ಣಿ ಹೊಡಿಲಿಕ್ಕೆ ನಿಮಗ ಒಪ್ಪಿಗಿ ಐತೇನ್ರಿ?"

ಒಪ್ಪಿಗಿ ಐತೇನ್ರಿ... ಅಂದೂ ಇದನ್ನೇ ಕೇಳಿದ್ದ! ನಡುಮನೆಯಲ್ಲಿ ಇಬ್ಬರನ್ನೇ ಐದು ನಿಮಿಷ ಬಿಟ್ಟಾಗ. ಅವಳು ತಲೆ ತಗ್ಗಿಸಿ ಸುಮ್ಮನಿದ್ದಳು. ಹೆಣ್ಣಿನ ಮೌನವೇ ಒಪ್ಪಿಗೆ, ಬಾಯಿಬಿಟ್ಟರೆ ಬಜಾರಿ ಅಂತಾರೆ ಎಂದು ತಾಯಿ ಖತಿಜಾಬಿ ಹಿಂದಿನ ದಿನವೇ ಕಲಿಸಿದ್ದಳು.

ಇಂದೂ ಅವಳ ನಾಲಿಗೆ ಏಳಲಿಲ್ಲ.

ಶಾಕೀರ ಕಾದ. ಆಮೇಲೆ ಮೊಬೈಲ್ ಇಳಿಸಿ ರೆಕ್ಕೆ ಮಡಚತೊಡಗಿದ. ಬಲವಂತ ಬೇಡ, ಮುಂದಿನ ಹೊಲಕ್ಕೆ ಹೋಗೋಣ ಎಂದು ರಾಚವ್ವನಿಗೆ ಮೆಲ್ಲಗೆ ಹೇಳಿದ.

ಹತ್ತಿ ಹೋಗುತ್ತದೆ... ಇವನೂ ಹೋಗುತ್ತಾನೆ, ಮತ್ತೊಮ್ಮೆ. ಬೇರೆ ಯಾರದೋ ಸುದ್ದಿ ಎಂಬಂತೆ ಅಲ್ಮಾಸ ಅಂದುಕೊಂಡಳು. ಆದರೆ ಬಾಯಿ ತಾನಾಗಿಯೇ ತೆರೆಯಿತು.

"ಸುಮ್ಮನಿದ್ದರ ಒಲ್ಲೆ ಅಂದಂಗೇನ್ರಿ?"

ಅವನ ಕೈ ನಿಂತಿತು. "ಮತ್ತ... ಅವತ್ತ ನೀವು ಒಲ್ಲೆ ಅಂದಿರಲಿಲ್ಲೇನ್ರಿ?"

"ನಾನೇನೂ ಅನ್ನಲಿಲ್ಲರಿ. ಬ್ಯಾಡ ಅಂದವರು ನೀವು."

ಶಾಕೀರ ಕೆಸರಿನಲ್ಲೇ ಕುಕ್ಕರಿಸಿದ. ಆಮೇಲೆ ತಡವರಿಸುತ್ತ ಹೇಳಿದ. ಅವನ ಅಕ್ಕ ನಾಜಿಮಾಳೂ ಹಾಗೇ ತಲೆ ತಗ್ಗಿಸಿ ಸುಮ್ಮನಿದ್ದಳಂತೆ. ಎಲ್ಲರೂ ಅದನ್ನು ಒಪ್ಪಿಗೆ ಎಂದುಕೊಂಡರು. ಒಲ್ಲದ ಮನೆಯಲ್ಲಿ ಆರು ವರ್ಷ ಸವೆದು ಅವಳು ತವರಿಗೆ ವಾಪಸ್ ಬಂದಳು. ಬಾಯಿಬಿಟ್ಟು ಹೇಳದ ಒಪ್ಪಿಗೆ ತನಗೆ ಬೇಡವೆಂದು ಅವನು ಅಂದೇ ನಿಶ್ಚಯಿಸಿದ್ದ. ಹುಡುಗಿ ಒಲ್ಲೆ ಅಂದಳು ಎಂದರೆ ಅವಳಿಗೆ ಮನೆಯಲ್ಲಿ ಬೈದಾರೆಂದು ತಪ್ಪನ್ನು ತನ್ನ ಮೇಲೇ ಹಾಕಿಕೊಂಡಿದ್ದ. ಆಮೇಲೆ ಬೇರೆ ಯಾರನ್ನೂ ನೋಡಲು ಹೋಗಿರಲಿಲ್ಲ.

ಒಬ್ಬಳು ಹೇಳಿದ್ದೇನೆ ಎಂದುಕೊಂಡು ಕಾದಳು, ಇನ್ನೊಬ್ಬ ಕೇಳಿಸಿಕೊಂಡಿದ್ದೇನೆ ಎಂದುಕೊಂಡು ಎದ್ದುಹೋದ. ಇಬ್ಬರೂ ಒಳ್ಳೆಯವರೇ. ಅಂಥ ಒಳ್ಳೆಯತನಕ್ಕಿಷ್ಟು ಬೆಂಕಿ ಹಾಕ!

ರಾಚವ್ವ ಯಾದಿಯಿಂದ ಸೊಳ್ಳೆ ಬಡಿಯುತ್ತ ಗದರಿದಳು. "ಗಾಳಿ ಎದ್ದರ ಎಣ್ಣಿ ಹಾರಿ ಹೋಗತೈತಿ. ಮೊದಲ ಹತ್ತಿ ನೋಡ್ರಿ."

ಮೊಬೈಲ್ ಮತ್ತೆ ಮೇಲೆದ್ದಿತು. ಅಲ್ಮಾಸ ಹೆಸರು ಹೇಳಿ, ಒಪ್ಪಿಗೆ ಇದೆ ಎಂದಳು. ದನಿಯಲ್ಲಿ ಏರಿಲ್ಲ, ಇಳಿವಿಲ್ಲ.

ಗಾಳಿ ಬೆನ್ನಿಗಿರುವ ಬದಿಗೆ ಅವಳನ್ನು ನಿಲ್ಲಿಸಿ ಶಾಕೀರ ಡ್ರೋನ್ ಎಬ್ಬಿಸಿದ. ಕೆಂಪಾದ ಸಾಲುಗಳ ಮೇಲೆ ಔಷಧದ ಮಂಜು ಇಳಿಯಿತು. ಹೆಜ್ಜೆ ಇಡಲಾಗದ ಹೊಲವನ್ನು ಅದು ಅರ್ಧ ತಾಸಿನಲ್ಲಿ ಮುಗಿಸಿತು.

ನೋಡುತ್ತಾ ನಿಂತ ಅಲ್ಮಾಸಳಿಗೆ ಅಂಗಾಲಿನಲ್ಲಿ ಏನೋ ಚುಚ್ಚಿದಂತಾಯಿತು. ಬಗ್ಗಿ ನೋಡಿದಳು. ಏನೂ ಇರಲಿಲ್ಲ. ಕಾಲು ತಣ್ಣಗಾಗಿತ್ತು, ಅಷ್ಟೇ.

ತಣ್ಣಗಾಗಿದ್ದು ತಿಳಿಯಿತು... ಎರಡು ವರ್ಷದ ಮೇಲೆ! ಕಣ್ಣಲ್ಲಿ ನೀರು ತಾನಾಗಿಯೇ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

ಡ್ರೋನ್ ಇಳಿಸಿದ ಶಾಕೀರ ಮೊಬೈಲನ್ನು ಕಿಸೆಗೆ ಹಾಕಿ ಎದುರು ಬಂದು ನಿಂತ. ರಾಚವ್ವನಿಗೆ ಮುಂದಿನ ಹೊಲದಲ್ಲಿ ಇದ್ದಕ್ಕಿದ್ದಂತೆ ಏನೋ ಕೆಲಸ ನೆನಪಾಯಿತು.

"ಇದು ಹೊಲದ್ದಲ್ಲರಿ, ನನ್ನದು. ಎರಡು ವರ್ಷ ತಡ ಆತು... ನಿಮಗ ಒಪ್ಪಿಗಿ ಐತೇನ್ರಿ?"

ಈ ಸಲ ಅವಳು ತಲೆ ತಗ್ಗಿಸಲಿಲ್ಲ.

"ಐತಿ."

"ಇನ್ನೊಮ್ಮೆ ಹೇಳ್ರಿ."

"ಇವತ್ತಿಗೆ ಒಂದ ಸಲ ಸಾಕ್ರಿ. ಉಳಿದ ಎರಡು ಸಲ ನಿಕಾ ದಿನ ಖಾಜಿ ಮುಂದ ಹೇಳತೇನಿ."