ಮಿಲ್ಪಿಟಾಸ್ ಚರ್ಚಿನ ಕಾಣೆಯಾದ ಉರುಳೆ

ರೋಸಾ ಸುಮ್ಮಸುಮ್ಮನೆ ಅಳುವ ಹೆಂಗಸಲ್ಲ. ಇಪ್ಪತ್ತಾರು ವರ್ಷ ಚರ್ಚಿನ ನೆಲಕ್ಕೆ ಮೇಣ ತಿಕ್ಕಿ, ಮದುವೆಗೂ ಮಣ್ಣಿಗೂ ಆರ್ಗನ್ನಿನ ಹಿಡಿಕೆ ತಿರುವಿದ ಗಟ್ಟಿ ಜೀವ. ಅಂಥವಳು ಗುರುವಾರ ಮಧ್ಯಾಹ್ನ ಅಂಬವ್ವನ ಟೌನ್‌ಹೌಸಿನ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದವರು ಶೇಷಗಿರಿ.

ಅಂಬವ್ವ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತು ವರ್ಷ ದುಡಿದು, ಅಮೆರಿಕದಲ್ಲಿರುವ ಮಗಳ ಮನೆಗೆ ಬಂದವಳು. ಒಂದು ನಟ್ಟು ಕಾಣೆಯಾದರೂ ಅದು ಯಾರ ಜೇಬಿನಲ್ಲಿದೆಯೆಂದು ಕೂತಲ್ಲೇ ಹೇಳುತ್ತಿದ್ದಳಂತೆ. ಇಲ್ಲಿಯೂ ಆ ಚಾಳಿ ಬಿಟ್ಟಿರಲಿಲ್ಲ. ಅವಳಿಗೆ ಕಾರು ಓಡಿಸಲು ಬಾರದು, ನಿವೃತ್ತ ಎಂಜಿನಿಯರ್ ಶೇಷಗಿರಿಗೆ ಹೊತ್ತು ಹೋಗದು. ಹೀಗಾಗಿ ಇವರು ಅವಳ ಸಾರಥಿ, ಇಂಗ್ಲಿಷಿನ ನಾಲಿಗೆ ಎರಡೂ ಆಗಿದ್ದರು.

ರೋಸಾ ಹೇಳಿದ್ದು ಇಷ್ಟು. ಚರ್ಚಿನ ಬ್ಯಾರೆಲ್ ಆರ್ಗನ್ನು ನೂರೈವತ್ತು ವರ್ಷಕ್ಕೂ ಹಳೆಯದು. ಅದಕ್ಕೆ ಬೆರಳಾಡಿಸುವವರು ಬೇಕಿಲ್ಲ. ಒಳಗೆ ಮೈತುಂಬ ಹಿತ್ತಾಳೆ ಮೊಳೆ ಹೊಡೆದ ಮರದ ಉರುಳೆಯಿದೆ. ಹಿಡಿಕೆ ತಿರುವಿದರೆ ಆ ಮೊಳೆಗಳೇ ಕೊಳವೆಗಳ ಬಾಯಿ ತೆರೆಸಿ ಹತ್ತು ಪ್ರಾರ್ಥನಾಗೀತೆ ಹಾಡಿಸುತ್ತವೆ. ಭಾನುವಾರ ಚರ್ಚಿನ ವಾರ್ಷಿಕ ಹಬ್ಬ. ಇಂದು ಬೆಳಿಗ್ಗೆ ನೋಡಿದರೆ ಉರುಳೆಯೇ ಇಲ್ಲ. ಬೀಗ ಮುರಿದಿಲ್ಲ. ಕೀಲಿ ಇರುವುದು ಮೂವರ ಬಳಿ: ಮಂಗಳವಾರದಿಂದ ಊರಲ್ಲಿಲ್ಲದ ಫಾದರ್ ಡಗನ್, ಶನಿವಾರಗಳಂದು ಚರ್ಚಿನ ಹಾಲಿನಲ್ಲಿ ಕನ್ನಡ ತರಗತಿ ನಡೆಸುವ ಶಿವರಾಜ, ಮತ್ತು ರೋಸಾ. ಆರ್ಗನ್ನಿಗೆ ಮೋಟಾರು ಕೂರಿಸುವ ಮಾತು ಬಂದಾಗ ರೋಸಾ ಜಗಳವಾಡಿದ್ದಳು. ಆ ಸಿಟ್ಟಿಗೆ ಅವಳೇ ಬಚ್ಚಿಟ್ಟಳೆಂದು ಚರ್ಚಿನ ಸಮಿತಿಯ ಅನುಮಾನ. ಶನಿವಾರದೊಳಗೆ ಉರುಳೆ ಸಿಗದಿದ್ದರೆ ಅವಳ ಕೆಲಸ ಹೋಗುತ್ತದೆ, ಪೊಲೀಸರಿಗೆ ದೂರೂ ಹೋಗುತ್ತದೆ.

ನಾಲ್ಕು ವರ್ಷದ ಹಿಂದೆ ಶೇಷಗಿರಿಯ ಹೆಂಡತಿ ಹರಿಪ್ರಿಯಾ ತೀರಿಕೊಂಡಾಗ ನೆಂಟರಿಷ್ಟರು ಕೂಡಲು ಜಾಗವಿರಲಿಲ್ಲ. ಯಾವ ಜಾತಿ, ಯಾವ ದೇವರು ಎಂದು ಒಂದು ಮಾತೂ ಕೇಳದೆ ಚರ್ಚಿನ ಬಾಗಿಲು ತೆಗೆದವಳು ಈ ರೋಸಾ. ತಾನಾಗಿಯೇ ಆರ್ಗನ್ನಿನ ಮೆಟ್ಟಿಲು ಹತ್ತಿ ಉರುಳೆಯ ನಾಲ್ಕನೆಯ ಹಾಡು ತಿರುವಿದ್ದಳು. ಮೊಳೆ ಮುರಿದು ಆ ಹಾಡಿನ ನಡುವೆ ಒಂದು ಸ್ವರ ಹೊರಡುತ್ತಿರಲಿಲ್ಲ. ಅಲ್ಲಿಗೆ ಬಂದಾಗ ಆರ್ಗನ್ನಿಗೂ ದುಃಖ ಒತ್ತರಿಸಿತೆಂದೇ ಅವರಿಗೆ ಅನ್ನಿಸಿತ್ತು. ಆ ಋಣ ಹೇಗೆ ತೀರಿಸುವುದೆಂದು ಅಂದಿನಿಂದ ತಿಳಿದಿರಲಿಲ್ಲ.

ಚರ್ಚಿನಲ್ಲಿ ಅಂಬವ್ವ ಮೊದಲು ನೆಲ ನೋಡಿದಳು. ಮಂಗಳವಾರ ಸಂಜೆ ರೋಸಾ ಹೊಸ ಮೇಣ ಹಚ್ಚಿದ್ದಳು. ಅದರ ಮೇಲೆ ಬೂಟಿನ ಗುರುತು ಬಾಗಿಲಿಂದ ಆರ್ಗನ್ನಿನ ಮೆಟ್ಟಿಲ ಬುಡದವರೆಗೆ ಬಂದು ನಿಂತಿತ್ತು; ಅಲ್ಲಿಂದ ಮೇಲೆ ಬರಿಗಾಲ ಬೆರಳುಗಳು. ಆರ್ಗನ್ನಿನ ಪೆಟ್ಟಿಗೆಯ ಮೇಲೆ, ಎದೆಮಟ್ಟದಲ್ಲಿ, ಬೂದು ಬಣ್ಣದ ಒರೆಸು ಗುರುತು. ಧೂಳಿರಬೇಕೆಂದು ಶೇಷಗಿರಿ ಅಂದರೆ, ಮೇಣ ಹಚ್ಚಿದ ದಿನವೇ ಪೆಟ್ಟಿಗೆಯನ್ನೂ ಒರೆಸಿದ್ದೆ, ಧೂಳೆಲ್ಲಿಂದ ಬಂತು ಎಂದು ರೋಸಾ ಸಿಡುಕಿದಳು. ಉರುಳೆ ಹಿಡಿದಿಟ್ಟಿದ್ದ ಆರು ತಿರುಪುಗಳು ಒಳಗೊಂದು ಕಾಗದದ ಲೋಟದಲ್ಲಿದ್ದವು. ಅಂಬವ್ವ ಅವನ್ನು ಎಣಿಸಿ, ಇದ್ದಲ್ಲೇ ಇಟ್ಟಳು.

ಹಾಲಿನಲ್ಲಿ ಶಿವರಾಜ ಹಬ್ಬಕ್ಕೆ ಕುರ್ಚಿ ಜೋಡಿಸುತ್ತಿದ್ದ. ಗದಗಿನ ಹಾರ್ಮೋನಿಯಂ ರಿಪೇರಿಯವರ ಮಗ, ಇಲ್ಲಿ ಚಿಪ್ ಎಂಜಿನಿಯರು. ಹಣೆಯ ಮೇಲೆ ಎಂದಿನಂತೆ ವಿಭೂತಿ, ಹೆಬ್ಬೆರಳಿಗೆ ಪಟ್ಟಿ. ಊಟ ಆಯಿತೇನು ಎಂದಷ್ಟೇ ಅಂಬವ್ವ ಕೇಳಿದಳು. ಅವನು ತಲೆಯೆತ್ತದೆ ಹೂಂ ಅಂದ.

ಶನಿವಾರ ತರಗತಿ ಮುಗಿದ ಮೇಲೆ ಸಮಿತಿಯವರು, ಊರಿಂದ ಮರಳಿದ್ದ ಫಾದರ್ ಡಗನ್, ರೋಸಾ, ಶಿವರಾಜ ಎಲ್ಲರೂ ಆರ್ಗನ್ನಿನ ಮುಂದೆ ಸೇರಿದರು. ಅಂಬವ್ವ ಕನ್ನಡದಲ್ಲಿ ಹೇಳುವುದು, ಶೇಷಗಿರಿ ಇಂಗ್ಲಿಷಿಗೆ ತರುವುದು.

"ತಿರುಪು ಬಿಚ್ಚಿದ ಕಳ್ಳ ಎಲ್ಲೆರೆ ಒಗದು ಓಡ್ತಾನ. ಲೋಟದಾಗ ಕೂಡಿಸಿ ಇಟ್ಟಾಂವ ತಿರುಗಿ ಬಂದು ಹಚ್ಚಾಂವ. ಅಂದ್ರ ಇದು ಸಿಟ್ಟಿನ ಕೆಲಸ ಅಲ್ಲ, ರಿಪೇರಿ ಕೆಲಸ."

ಶೇಷಗಿರಿ ಅದನ್ನು ಹೇಳಿದರು. ಫಾದರ್ ಡಗನ್ ಮುಂದಕ್ಕೆ ಬಾಗಿದರು.

"ಸಪ್ಪಳ ಆಗಬಾರದಂತ ಬೂಟು ಕಳಿಯಾಂವ ಬಾಗಲದಾಗ ಕಳೀತಾನ. ಇಂವ ವಾದ್ಯದ ಮುಂದ ಕಳದಾನ. ಕಾಲಾಗ ಬೂಟಿಟ್ಟು ವಾದ್ಯ ಮುಟ್ಟಬಾರದಂತ ಮನ್ಯಾಗ ಕಲಿಸ್ಯಾರ."

ಅದನ್ನೂ ಹೇಳಿದರು. ಅಂಬವ್ವ ಬೂದು ಗುರುತಿನ ಮೇಲೆ ಬೆರಳಿಟ್ಟಳು.

"ಇದು ಧೂಳಲ್ಲ, ವಿಭೂತಿ. ಮುಟ್ಟೂ ಮೊದಲ ಹಣಿ ಹಚ್ಚಿ ನಮಸ್ಕಾರ ಮಾಡ್ಯಾನ. ಕೀಲಿ ಇದ್ದವರೊಳಗ ವಿಭೂತಿ ಹಚ್ಚಾಂವ ಒಬ್ಬನ ಇದ್ದಾನ. ತಾನಾಗೇ ಬರ್ಲಿ ಅಂತ ಎರಡು ದಿನ ಕಾದೆ."

ಶೇಷಗಿರಿ ಇದನ್ನು ಹೇಳದೆ ತಡೆದರು. ಈ ಮಾತು ಇಂಗ್ಲಿಷಿಗೆ ಬಂದರೆ ಒಬ್ಬನ ಬದುಕು ಕೆಡುತ್ತದೆ, ಬಾರದಿದ್ದರೆ ರೋಸಾಳದು. ಅಂಬವ್ವ ಅವರತ್ತ ನೋಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಆ ಕ್ಷಣದಲ್ಲಿ ಅಲ್ಲಿದ್ದವರ ಪೈಕಿ ಕನ್ನಡ ಬಲ್ಲ ಇನ್ನೊಬ್ಬನಿಗೆ ಮಾತ್ರ ಎಲ್ಲ ತಿಳಿದಿತ್ತು. ಮುದುಕಿ ಬೇಕೆಂದೇ ಅವನಿಗೆ ಈ ಸಂದು ಬಿಟ್ಟುಕೊಟ್ಟಿದ್ದಳು.

ಶಿವರಾಜ ಎದ್ದು ನಿಂತ. ತಾನೇ ಇಂಗ್ಲಿಷಿನಲ್ಲಿ ಹೇಳಿದ. ಏಳು ವರ್ಷ ಬಾಡಿಗೆ ಕೇಳದೆ ತರಗತಿಗೆ ಜಾಗ ಕೊಟ್ಟವರಿಗೆ ಹಬ್ಬದ ದಿನ ಕಾಣಿಕೆ ಕೊಡಬೇಕೆಂದು ಉರುಳೆಯ ಮುರಿದ ಮೊಳೆಗಳನ್ನು ಬದಲಿಸಲು ಅನುಮತಿ ಕೇಳಿದ್ದ, ಸಮಿತಿ ಬೇಡವೆಂದಿತ್ತು. ಬುಧವಾರ ಒಯ್ದ, ಶುಕ್ರವಾರ ತಂದಿಡುವವನಿದ್ದ. ಅಷ್ಟರಲ್ಲಿ ಪೊಲೀಸ್ ಎಂಬ ಮಾತು ಕಿವಿಗೆ ಬಿತ್ತು. ಹನ್ನೊಂದು ವರ್ಷದಿಂದ ಗ್ರೀನ್ ಕಾರ್ಡಿಗೆ ಕಾಯುತ್ತಿರುವವನು, ದೂರಾದರೆ ಅದು ಕೈತಪ್ಪೀತೆಂದು ಹೆದರಿ ಬಾಯಿ ಮುಚ್ಚಿದ.

"ಉರುಳೆ ಒಯ್ದಿದ್ದಕ್ಕಲ್ಲ ರೋಸಾ, ನಿಮ್ಮ ಮೇಲೆ ಆರೋಪ ಬಂದಾಗ ಸುಮ್ಮನಿದ್ದೆನಲ್ಲ, ಅದಕ್ಕೆ ಕ್ಷಮೆ ಕೇಳ್ತೀನಿ" ಎಂದ.

ಕಾರಿನಿಂದ ಉರುಳೆ ತಂದ. ಹಾಸಿಗೆ ಹೊದಿಕೆಯಲ್ಲಿ ಕೂಸಿನಂತೆ ಸುತ್ತಿದ್ದ. ರೋಸಾ ಹೊಸ ಮೊಳೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಫಾದರಿನ ಕಡೆ ತಿರುಗಿ, ದೂರು ಕೊಡುವುದಾದರೆ ತನ್ನನ್ನು ಕೇಳಿ ಕೊಡಬೇಕು, ತಾನು ಒಪ್ಪುವುದಿಲ್ಲ ಎಂದಳು. ಫಾದರ್ ಡಗನ್ ಸಮಿತಿಯವರ ಪರವಾಗಿ ಮೊದಲು ಅವಳ ಕ್ಷಮೆ ಕೇಳಿದರು.

ಭಾನುವಾರ ಮೆಟ್ಟಿಲ ಬುಡದಲ್ಲಿ ಎರಡು ಜೊತೆ ಬೂಟುಗಳಿದ್ದವು, ಶಿವರಾಜನದು, ಅದರ ಪಕ್ಕ ರೋಸಾಳದು. ಅವಳು ಹಿಡಿಕೆ ತಿರುವಿದಳು, ಅವನು ಬದಿಗೆ ನಿಂತ. ನಾಲ್ಕನೆಯ ಹಾಡು ಶುರುವಾದಾಗ ಶೇಷಗಿರಿ ಆ ಮುರಿದ ಜಾಗಕ್ಕಾಗಿ ಉಸಿರು ಬಿಗಿಹಿಡಿದು ಕಾದರು. ಸ್ವರ ಬಂತು. ತುಂಬಿ ಬಂತು, ಹಾಡು ನಿಲ್ಲದೆ ಮುಂದೆ ಹೋಯಿತು. ಅವರು ಎಲ್ಲರೆದುರೇ ಅತ್ತರು.

ಹೊರಗೆ ರೋಸಾ ಸಿಕ್ಕಾಗ ನಾಲ್ಕು ವರ್ಷದಿಂದ ಆಡದೆ ಉಳಿದ ಮಾತು ಆಡಿದರು. "ಹರಿಪ್ರಿಯಾಳ ಕಡೆಯಿಂದಾನೂ ಥ್ಯಾಂಕ್ಸ್, ರೋಸಾ."