ಉಪ್ಪಿನ ಹೆಸರೆತ್ತದ ಹೊತ್ತು

ಹೊಸ ಜೀಪಿನ ಹೊಟ್ಟೆಯ ಕೆಳಗೆ ಬೂದು ಬಣ್ಣದ ಪೊರೆಯೊಂದು ತಾನಾಗಿಯೇ ಹರಡಿಕೊಳ್ಳುತ್ತಿತ್ತು. ಚೆಲ್ಲಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ, ಸದ್ದಿಲ್ಲದೆ. ಅದನ್ನು ಬಗ್ಗಿ ನೋಡುತ್ತಲೇ ಫಕೀರವ್ವ, ತನ್ನ ಗಂಡ ಅಂದಾನೆಪ್ಪ ಒಮ್ಮೆ ಹಿಮದಲ್ಲಿ ಹೂತ ಟೆಂಪೋವನ್ನು ಬೆನ್ನ ಮೇಲೆ ಹೊತ್ತು ಇಡೀ ಘಾಟು ಇಳಿಸಿದ್ದನೆಂದೂ, ಆಗ ತಾನು ಒಳಗೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದೆನೆಂದೂ ವಿಜ್ಞಾನಿಗೆ ಹೇಳುತ್ತಿದ್ದಳು.

"ಅರ್ಧ ಸುಳ್ಳು ಐತ್ರೀ ಅಕ್ಕಾರ," ಎಂದು ತಾನೇ ಒಪ್ಪಿಕೊಂಡಳು. "ಯಾವ ಅರ್ಧ ಅಂತ ಮಾತ್ರ ಕೇಳಬ್ಯಾಡ್ರಿ. ನನ್ನ ಮಗಳು ಮಾತು ಕಲ್ತಾಗಿಂದ ಕೇಳಾಕತ್ತಾಳ, ಆಕಿಗೇ ಹೇಳಿಲ್ಲ."

ವಿಜ್ಞಾನಿ ರೋಹಿಣಿ ಮಯ್ಯ ಕರಾವಳಿಯವರು, ನಗು ಕಡಿಮೆ. ಆದರೂ ಅಂದು ನಕ್ಕರು.

ಆ ಕಾಲಕ್ಕೆ ತಾರ್ಚೆನ್ ಘಾಟಿನ ರಸ್ತೆ ವರ್ಷವಿಡೀ ತೆರೆದಿರುತ್ತಿತ್ತು. ಹಿಂದೆ ಚಳಿಗಾಲ ಬಂತೆಂದರೆ ಹಿಮಾಲಯದ ಆ ದಾರಿ ಮುಚ್ಚಿಹೋಗುತ್ತಿತ್ತು. ಈಗ ಉಪ್ಪುನೀರಿನ ಟ್ಯಾಂಕರುಗಳು ಹಗಲಿರುಳು ಓಡಾಡಿ ಹಿಮ ಗಟ್ಟಿಯಾಗದಂತೆ ನೋಡಿಕೊಳ್ಳುತ್ತಿದ್ದವು. ರಸ್ತೆ ಕಡಿಯಲು ಎರಡು ತಲೆಮಾರಿನ ಹಿಂದೆ ಗದಗ ಸೀಮೆಯಿಂದ ಬಂದ ಜನ ಕೆಲಸ ಮುಗಿದ ಮೇಲೂ ಅಲ್ಲೇ ಉಳಿದಿದ್ದರು. ಅವರ ತಗಡಿನ ಮನೆಗಳ ಸಾಲಿಗೆ ಗದಗ ಲೈನ್ ಎಂದೇ ಹೆಸರು. ಸಾಲಿನ ತುದಿಯಲ್ಲಿ ಫಕೀರವ್ವನ ಖಾನಾವಳಿ. ಸರ್ಕಾರದ ಉಪ್ಪಿಗಿಂತ ತನ್ನ ಕೆಂಪು ಚಟ್ನಿಯೇ ಹೆಚ್ಚು ಹಿಮ ಕರಗಿಸಿದೆ ಎಂಬುದು ಅವಳ ಇನ್ನೊಂದು ಹೇಳಿಕೆ.

ಹಿಮ ಕರಗಿಸುವ ಉಪ್ಪು ಕಬ್ಬಿಣವನ್ನೂ ಬಿಡುತ್ತಿರಲಿಲ್ಲ. ಚಕ್ರದಿಂದ ಸಿಡಿದ ಉಪ್ಪುನೀರು ಬಾಗಿಲಿನ ಅಡಿಯಲ್ಲಿ, ಬೆಸುಗೆಯ ಸಂದಿನಲ್ಲಿ, ಬ್ರೇಕಿನ ಪೈಪಿನ ಮೇಲೆ ಕೂತು ಒಳಗಿನಿಂದ ತಿನ್ನುತ್ತಿತ್ತು. ತೊಳೆಯೋಣವೆಂದರೆ ಸುರಿದ ನೀರು ಅಲ್ಲೇ ಮಂಜುಗಡ್ಡೆ. ಅಂದಾನೆಪ್ಪ ತನ್ನ ಟೆಂಪೋದ ತಳಕ್ಕೆ ಡಾಂಬರು ಬಳಿಸಿದ್ದ. ಡಾಂಬರಿನಲ್ಲಿ ಕೂದಲೆಳೆಯಂಥ ಬಿರುಕುಗಳು ಬಿಟ್ಟವು. ಒಳಹೊಕ್ಕ ಉಪ್ಪುನೀರಿಗೆ ಹೊರಬರುವ ದಾರಿ ಇರಲಿಲ್ಲ. ಹೊರಗಿನಿಂದ ಕರ್ರಗೆ ಹೊಳೆಯುತ್ತಿದ್ದ ತಳ ಒಳಗೆ ಹಪ್ಪಳವಾಗಿತ್ತು. ಘಾಟಿನ ಒಂದು ತಿರುವಿನಲ್ಲಿ ಬ್ರೇಕಿನ ಪೈಪು ಕಿತ್ತುಹೋಯಿತು. ಜಗತ್ತಿನ ಎಲ್ಲದರ ಬಗ್ಗೆಯೂ ಒಂದಕ್ಕೆ ಹತ್ತು ಸೇರಿಸುತ್ತಿದ್ದ ಫಕೀರವ್ವ ಆ ತಿರುವಿಗೆ ಏನನ್ನೂ ಸೇರಿಸುತ್ತಿರಲಿಲ್ಲ. ಅದರ ಮಾತೇ ಆಡುತ್ತಿರಲಿಲ್ಲ.

ಮಗಳು ಸಾವಂತ್ರಿ ಲೈನಿಗಿದ್ದ ಒಂದೇ ಆಂಬುಲೆನ್ಸ್ ಜೀಪಿನ ಚಾಲಕಿ. ಹಳೆಯದು ತುಕ್ಕು ತಿಂದು ಮೂಲೆ ಸೇರಿದ ಮೇಲೆ ಹೊಸದು ಬಂತು. ಅದಕ್ಕೆ ತುಕ್ಕುತಡೆ ಹಾಕಿಸುವುದೋ ಬೇಡವೋ ಎಂಬ ಜಗಳವೂ ಅದರ ಜೊತೆಗೇ ಬಂತು. ರೋಹಿಣಿ ತಂದಿದ್ದ ಹೊಸ ಜೀವಪೊರೆ ಹಾಕಿಸಬೇಕೆಂದು ತಾಯಿ. ಪ್ರತಿ ವರ್ಷ ಹಿಮ ಬೀಳುವ ಮುಂಚೆ ತಳಕ್ಕೆ ಎಣ್ಣೆ ಹೊಡೆದರೆ ಸಾಕೆಂದು ಮಗಳು. ಎಣ್ಣೆ ನಾರುತ್ತದೆ, ವಾರಗಟ್ಟಲೆ ಅಂಗಳದಲ್ಲಿ ತೊಟ್ಟಿಕ್ಕುತ್ತದೆ, ನಿಜ. ಆದರೆ ಕಬ್ಬಿಣ ಕಣ್ಣಿಗೆ ಕಾಣುತ್ತದೆ.

"ಕಾಣೂ ರೋಗಕ್ಕ ಔಷಧ ಮಾಡಬಹುದು," ಎಂದಿದ್ದಳು ಸಾವಂತ್ರಿ. "ಮುಚ್ಚಿಟ್ಟಿದ್ದಕ್ಕ ಏನ್ ಮಾಡ್ತೀಬೇ? ಅಪ್ಪನ ಗಾಡಿನೂ ಮುಚ್ಚೇ ಇತ್ತಲ್ಲ."

ಆ ಮಾತಿಗೆ ಫಕೀರವ್ವ ಊಟವನ್ನೇ ಬಿಟ್ಟಳು. ತಿಂಗಳೊಪ್ಪತ್ತು ಉಪವಾಸ ಮಾಡಿದೆನೆಂದು ಆಮೇಲೆ ಹೇಳಿಕೊಂಡಳಾದರೂ, ಎರಡನೆಯ ದಿನವೇ ಒಲೆಯ ಮರೆಯಲ್ಲಿ ರೊಟ್ಟಿ ಮುರಿಯುವುದನ್ನು ಸಾವಂತ್ರಿ ನೋಡಿದ್ದಳು. ನೋಡಿಯೂ ಸೋತಳು. ಗಂಡನನ್ನು ತಿಂದ ರಸ್ತೆಗೆ ಮಗಳನ್ನು ಕಳಿಸುವ ತಾಯಿಯ ಮುಖ ಅವಳಿಗೆ ಗೊತ್ತಿತ್ತು.

ಪೊರೆ ತಳವನ್ನೆಲ್ಲ ಮುಚ್ಚಿದ ಮೇಲೆ ರೋಹಿಣಿ ಕೈಗವಸು ಕಳಚಿ ವಿವರಿಸಿದರು.

"ಇದು ಬಣ್ಣ ಅಲ್ಲ ಅಮ್ಮಾ, ಜೀವ ಇರುವಂಥದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಸೇರಿ ಈ ಪೊರೆ ಆಗಿದೆ. ಉಪ್ಪೇ ಇದರ ಊಟ. ಉಪ್ಪು ಬಿದ್ದ ಕಡೆಗೆ ಹರಿದುಹೋಗಿ, ಅದನ್ನು ತಿಂದು ಮೇಣ ಮಾಡುತ್ತದೆ. ಕಬ್ಬಿಣಕ್ಕೆ ಗೀರು ಬಿದ್ದರೆ ಅಲ್ಲಿ ಇನ್ನೂ ದಪ್ಪ ಆಗುತ್ತದೆ."

"ಅಂದ್ರ ನಮ್ಮ ಸಾವಂತ್ರಿ ಇದ್ದಂಗ. ಉಪ್ಪಿಲ್ಲಂದ್ರ ಊಟದ ಮುಂದಿಂದ ಎದ್ದು ಹೋಗ್ತಾಳ."

ಒಂದೇ ಒಂದು ಎಚ್ಚರಿಕೆ ಬೇಕು, ಎಂದರು ರೋಹಿಣಿ. ಮೊದಲ ಕೆಲವು ವಾರ ಪೊರೆ ತನ್ನ ನೆಲೆ ಹುಡುಕುತ್ತಿರುತ್ತದೆ. ಎಲ್ಲಿ ಸಮೃದ್ಧವಾಗಿ ಉಪ್ಪು ಸಿಗುತ್ತದೋ ಅಲ್ಲೇ ಬೀಡು ಬಿಡುತ್ತದೆ. ರಸ್ತೆಯ ಉಪ್ಪು ತಿಂದು ತಳದಲ್ಲೇ ನೆಲೆಸಬೇಕು. ಬೇರೆ ಯಾವ ಉಪ್ಪೂ ಗಾಡಿಗೆ ತಾಗಬಾರದು.

ಜೀಪನ್ನೇನು ಉಪ್ಪಿನಕಾಯಿ ಹಾಕುತ್ತೇನೆಯೇ ಎಂದು ಫಕೀರವ್ವ ಕೇಳಿದಳು. ಕೇಳಿದರೂ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಂಡಳು. ಅಂದಿನಿಂದ ರೊಟ್ಟಿ ಬಡಿದ ಕೈ ತೊಳೆಯದೆ ಅಂಗಳಕ್ಕಿಳಿಯಲಿಲ್ಲ. ಚಟ್ನಿಯ ಬಟ್ಟಲು ಹಿಡಿದು ಯಾರಾದರೂ ಜೀಪಿನ ಹತ್ತಿರ ಹೋದರೆ ಸೌಟು ತೋರಿಸಿ ಓಡಿಸಿದಳು.

ಆದರೆ ಹೊಸ ಜೀಪನ್ನು ನೋಡಲು ಇಡೀ ಲೈನು ಬಂದು ಹೋಗಿತ್ತು. ಎಷ್ಟು ಹೊಳೆಯುತ್ತದೆ, ಸಾವಂತ್ರಿ ಅದರಲ್ಲಿ ಕೂತರೆ ಎಷ್ಟು ಚಂದ ಕಾಣುತ್ತಾಳೆ ಎಂದು ಎಲ್ಲರ ಬಾಯಲ್ಲೂ ಅದೇ. ಅಷ್ಟು ಜನರ ಕಣ್ಣು ಬಿದ್ದ ಮೇಲೆ ದೃಷ್ಟಿ ತೆಗೆಯದೆ ಬಿಡಲಾದೀತೇ? ದೀಪ ಹಚ್ಚಿದ ಮೇಲೆ ಸಾವಂತ್ರಿ ಪಾಳಿಗೆ ಹೊರಡುವಾಗ, ಫಕೀರವ್ವ ಮುಷ್ಟಿ ತುಂಬ ಹರಳು, ಮೇಲೆರಡು ಒಣಮೆಣಸಿನಕಾಯಿ ಹಿಡಿದು ಅವಳ ಮುಖದ ಸುತ್ತ ನಿವಾಳಿಸಿದಳು. ನಿವಾಳಿಸಿದ್ದನ್ನು ಉರಿಯುವ ಒಲೆಗೆ ಹಾಕಬೇಕು. ಖಾನಾವಳಿಯಲ್ಲಿದ್ದುದು ವಿದ್ಯುತ್ತಿನ ಒಲೆ. ಇಲ್ಲವೇ ಹರಿಯುವ ನೀರಿಗೆ ಬಿಡಬೇಕು. ಹೊರಗೆ ಹರಿಯುವಂಥ ನೀರೆಲ್ಲ ಕಲ್ಲಾಗಿತ್ತು. ಹೀಗಾಗಿ ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿ ಮಗಳ ಸೀಟಿನ ಅಡಿಗೆ ತುರುಕಿದಳು. ಅಲ್ಲೇ ಕೂತು ಕಾಯಲಿ. ಮರುದಿನ ಸಂಜೆ ಇನ್ನೊಂದು ಗಂಟು. ಅದರ ಮರುದಿನ ಮತ್ತೊಂದು.

ಆ ಹರಳು ಉಪ್ಪೇ ಅಲ್ಲವೇ ಎಂದರೆ, ಅಲ್ಲ. ದೀಪ ಹಚ್ಚಿದ ಮೇಲೆ ಫಕೀರವ್ವನ ಮನೆಯಲ್ಲಿ ಉಪ್ಪಿನ ಹೆಸರೆತ್ತುವಂತಿರಲಿಲ್ಲ. ಆ ಹೊತ್ತಿನಲ್ಲಿ ಅದು ರುಚಿ. ಖಾನಾವಳಿಯಲ್ಲಿ ಉಣ್ಣುವವರೂ ಸಂಜೆಯಾದ ಮೇಲೆ 'ಒಂದೀಟು ರುಚಿ ಹಾಕಬೇ' ಎಂದೇ ಕೇಳಬೇಕು; ಬಾಯಿ ತಪ್ಪಿ ಇನ್ನೊಂದು ಹೆಸರು ಅಂದವನ ತಾಟಿಗೆ ಸಾರು ತಡವಾಗಿ ಬರುತ್ತಿತ್ತು. ಅವಳ ಲೆಕ್ಕದಲ್ಲಿ ಉಪ್ಪು ಹಗಲಿನದು, ಅಡುಗೆಯ ಡಬ್ಬಿಯದು. ಮುಷ್ಟಿಯಲ್ಲಿದ್ದುದು ದೃಷ್ಟಿಯದು.

ಒಂದು ಸಂಜೆ ರೋಹಿಣಿ ಫೋನ್ ಮಾಡಿದರು. ಜೀಪಿನ ತಳಕ್ಕೆ ಅವರು ಅಂಟಿಸಿಹೋಗಿದ್ದ ಅಳತೆಯಂತ್ರದ ಪ್ರಕಾರ ಪೊರೆ ಇರಬೇಕಾದಷ್ಟು ದಪ್ಪ ಇರಲಿಲ್ಲ; ಎಲ್ಲಿಗೋ ಸರಿದುಹೋಗಿರುವ ಅನುಮಾನ. ಗಾಡಿಗೆ ಎಲ್ಲಾದರೂ ಉಪ್ಪು ತಾಗಿದೆಯೇ ಎಂದು ಕೇಳಿದರು.

"ಅದರ ಹೆಸರ ಸೈತ ಎತ್ತಿಲ್ರೀ ಅಕ್ಕಾರ," ಎಂದಳು ಫಕೀರವ್ವ.

ಅವಳು ಅಂದದ್ದು ಅಕ್ಷರಶಃ ನಿಜ. ರೋಹಿಣಿ ಅದನ್ನು ಖಂಡಿತ ಇಲ್ಲವೆಂದು ಅರ್ಥ ಮಾಡಿಕೊಂಡು, ಅಳತೆಯಂತ್ರವೇ ಚಳಿಗೆ ಕೆಟ್ಟಿರಬೇಕೆಂದು ಬರೆದುಕೊಂಡರು.

ಆ ವಾರದಲ್ಲೇ ಒಂದು ದಿನ ಸಾವಂತ್ರಿ, ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಘಾಟಿನಾಚೆಯ ಆಸ್ಪತ್ರೆಗೆ ಮುಟ್ಟಿಸಿ, ಬೆಳಗಿನ ಬಿಸಿಲಿಗೆ ಮರಳಿ ಬಂದಳು. ಅಂಗಳದಲ್ಲಿ ಜೀಪು ನಿಲ್ಲಿಸಿ, ಹೀಟರಿನ ಬಿಸಿಗೆ ಸೀಟಿನಲ್ಲೇ ನಿದ್ದೆ ಹೋದಳು. ದಣಿದ ಜೀವ, ಮಲಗಲಿ ಎಂದು ತಾಯಿ ಎಬ್ಬಿಸಲಿಲ್ಲ. ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. ಬೆಚ್ಚಗಿದ್ದಷ್ಟೂ ಪೊರೆ ಚುರುಕಾಗುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಎಬ್ಬಿಸಲು ಹೋದಾಗ ಗಾಜು ಬೆಳ್ಳಗಿತ್ತು. ಮಂಜೆಂದು ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಬಾಗಿಲು ಎಳೆದಳು, ಹಿಡಿಕೆ, ಕೀಲು, ಸಂದು ಎಲ್ಲವೂ ಒಂದೇ ಮೇಣದ ಮುದ್ದೆ. ಪೊರೆ ತಳ ಬಿಟ್ಟು ಮೇಲೆ ಬಂದು, ಚಾಲಕಿಯ ಕೋಣೆಯನ್ನು ಒಳಗೂ ಹೊರಗೂ ಹೊಲಿದು ಮುಚ್ಚಿತ್ತು. ಓಡಿಬಂದವರು ಸುತ್ತಿಗೆಯಿಂದ ಬಡಿದರೆ ಚಕ್ಕಳಕ್ಕೆ ಬಡಿದಂತೆ ಪುಟಿಯಿತು. ಕಟರ್ ಹಿಡಿದರೆ ಗೀರು ಬಿದ್ದಲ್ಲೆಲ್ಲ ಕಣ್ಣೆದುರೇ ಇನ್ನಷ್ಟು ದಪ್ಪವಾಯಿತು. ಗಾಯ ಮುಚ್ಚುವುದೇ ಅದರ ಕೆಲಸ. ಅದು ತನ್ನ ಕೆಲಸ ಚೆನ್ನಾಗಿ ಮಾಡುತ್ತಿತ್ತು.

ಜೀಪಿನ ವೈರ್‌ಲೆಸ್ ಮಾತ್ರ ಬದುಕಿತ್ತು. ಖಾನಾವಳಿಯ ಗೋಡೆಗಿದ್ದ ಅದರ ಜೋಡಿ ಪೆಟ್ಟಿಗೆಯನ್ನು ಕಿತ್ತು ಅಂಗಳಕ್ಕೆ ತಂದರು. ಸಾವಂತ್ರಿಗೆ ಎಚ್ಚರವಾಗಿತ್ತು, ಆದರೆ ದನಿ ಮೆತ್ತಗಾಗಿತ್ತು. ಗಾಳಿ ಬರುವ ಕಿಂಡಿಗಳೂ ಮುಚ್ಚಿವೆ ಎಂದಳು.

ರೋಹಿಣಿ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅವರು ಮಾಡಿಸಿದ್ದು ಒಂದೇ: ಟ್ಯಾಂಕರ್ ಡಿಪೋದ ಚೀಲಗಳನ್ನು ತರಿಸಿ ಬಾನೆಟ್ಟಿನ ಮೇಲೆ ಉಪ್ಪಿನ ಗುಡ್ಡೆ ಹಾಕಿಸಿದರು. ಪೊರೆಯನ್ನು ಕೊಯ್ಯಲಾಗದು, ಹೆಚ್ಚು ಊಟ ತೋರಿಸಿ ಕರೆಯಬೇಕು. ಆದರೆ ಅದು ಬಾಗಿಲು ಬಿಟ್ಟು ಕದಲಲಿಲ್ಲ.

"ಒಳಗೆ ಎಲ್ಲೋ ಉಪ್ಪಿದೆ," ಎಂದರು. "ನೆಲೆಯಾದ ಜಾಗ ಬಿಟ್ಟು ಬರುತ್ತಾ ಇಲ್ಲ."

"ಒಳಗ ಅದು ಇಲ್ರೀ," ಎಂದಳು ಫಕೀರವ್ವ. ಯಾರೋ ಆಗಲೇ ಖಾನಾವಳಿಯ ದೀಪ ಹಚ್ಚಿದ್ದರು. ಆ ಬೆಳಕಿನಲ್ಲಿ ಅವಳು ತನ್ನ ಮುಷ್ಟಿ ಬಿಚ್ಚಿ ನೋಡಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು: "ರುಚಿ ಐತಿ."

ರೋಹಿಣಿಗೆ ಅರ್ಥವಾಗಲಿಲ್ಲ. ಸಾವಂತ್ರಿಗೆ ಆಯಿತು. ವೈರ್‌ಲೆಸ್ಸಿನಲ್ಲಿ ಸೀಟಿನಡಿ ತಡಕಾಡುವ ಸದ್ದು. ಎಷ್ಟು ಗಂಟು ಇಟ್ಟಿದ್ದೀಯಬೇ ಎಂದು ಕೇಳಿದಳು, ಬೈಯಲಿಲ್ಲ. ರೋಹಿಣಿ ಹೇಳಿದಂತೆ ಎಲ್ಲವನ್ನೂ ತನ್ನ ಊಟದ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು.

ಅಷ್ಟಾದ ಮೇಲೆ ಪೊರೆ ಕದಲತೊಡಗಿತು. ಚಳಿಗೆ ಬಲು ನಿಧಾನ, ಆದರೂ ಬಾನೆಟ್ಟಿನ ಕಡೆಗೆ. ರೋಹಿಣಿ ಫಕೀರವ್ವನನ್ನು ಪಕ್ಕಕ್ಕೆ ಕರೆದರು.

"ಬಾಗಿಲು ಬಿಡುವವರೆಗೆ ಅವಳು ನಿದ್ದೆ ಮಾಡಬಾರದು, ಗಾಳಿ ಕಡಿಮೆ ಇದೆ. ಇನ್ನೊಂದು ಅಮ್ಮಾ, ಅವಳು ಅಳಬಾರದು. ಕಣ್ಣೀರಿನಲ್ಲೂ ಉಪ್ಪಿದೆ. ಒಳಗಿರುವ ಪೊರೆಗೆ ಈಗ ಬೇರೆ ಊಟ ಇಲ್ಲ. ಅದು ಮುಖಕ್ಕೆ ಬಂದರೆ ಮೂಗು ಬಾಯಿ ನೋಡುವುದಿಲ್ಲ."

ಫಕೀರವ್ವ ತಲೆಯಾಡಿಸಿದಳು. ಬಾಗಿಲಿನ ಬಳಿ ಹಿಮದಲ್ಲೇ ಕೂತಳು. ವೈರ್‌ಲೆಸ್ಸನ್ನು ಬಾಯಿಗೆ ಹಿಡಿದು, ಎಂದಿನ ದನಿಯಲ್ಲಿ, ಇಷ್ಟು ವರ್ಷ ಅಡುಗೆ ಮಾಡಿ ಹಾಕಿದರೂ ಮಗಳು ಮನೆ ಬಿಟ್ಟು ಜೀಪಿನಲ್ಲಿ ಸಂಸಾರ ಹೂಡಿದಳೆಂದು ದೂರಿದಳು. ಒಳಗೆ ಸಾವಂತ್ರಿ ಸಣ್ಣಗೆ ನಕ್ಕಳು. ಎಣ್ಣೆಯೇ ಸಾಕೆಂದು ಹೇಳಿದ್ದೆನಲ್ಲ ಎಂದಳು. ಹೌದು, ನೀನು ಹೇಳಿದ್ದೆ, ನಿನ್ನ ಬುದ್ಧಿ ನಿಮ್ಮಪ್ಪನದು, ನನ್ನದಾಗಿದ್ದರೆ ಇಷ್ಟು ಹೊತ್ತಿಗೆ ನನ್ನನ್ನು ಒಳಗೆ ಕೂರಿಸಿ ನೀನು ಹೊರಗಿರುತ್ತಿದ್ದೆ ಎಂದಳು ಫಕೀರವ್ವ.

ಹೊರಗೆ ಅಳುವವರಿಗೆ ಅಡ್ಡಿಯಿರಲಿಲ್ಲ. ಅವಳು ಕೆನ್ನೆಯನ್ನು ಬಾಗಿಲಿನ ಸಂದಿಗೆ ಒತ್ತಿದ್ದಳು. ದನಿಯಲ್ಲಿ ನಗು, ಕೆನ್ನೆಯ ಮೇಲೆ ನೀರು. ಬೂದು ಪೊರೆ ಸಂದಿನಿಂದ ಎದ್ದು ಆ ಕೆನ್ನೆಯತ್ತ ಎಳೆಎಳೆಯಾಗಿ ಬರುತ್ತಿರುವುದನ್ನು ಕಂಡ ರೋಹಿಣಿ ಅವಳ ಭುಜ ಹಿಡಿದು ಎಳೆದರು. ಫಕೀರವ್ವ ಕೊಡವಿಕೊಂಡು ಇನ್ನೂ ಹತ್ತಿರ ಸರಿದಳು. ಬರಲಿ, ಒಳಗಿಂದ ಬಂದಷ್ಟೂ ಒಳ್ಳೆಯದೇ.

"ಯವ್ವಾ," ಎಂದಿತು ವೈರ್‌ಲೆಸ್. "ನಿದ್ದಿ ಬರಾಕತ್ತೈತಿ."

"ನಿದ್ದಿ ಆಮ್ಯಾಲ ಮಾಡು. ನಿಮ್ಮಪ್ಪ ಟೆಂಪೋ ಹೊತ್ತ ಕತಿ ಪೂರಾ ಹೇಳ್ತೀನಿ ಇವತ್ತ. ಯಾವ ಅರ್ಧ ಸುಳ್ಳು, ಅದನ್ನೂ ಹೇಳ್ತೀನಿ."

ಆಚೆ ದನಿ ಸ್ವಲ್ಪ ಎಚ್ಚೆತ್ತಿತು. ಖರೇನಬೇ ಎಂದು ಕೇಳಿತು.

ಫಕೀರವ್ವ ಹೇಳತೊಡಗಿದಳು. ಈ ಸಲ ಹಿಮ ಆನೆಯೆತ್ತರವಿತ್ತು. ಅಂದಾನೆಪ್ಪ ಟೆಂಪೋದ ಅಡಿ ಬಗ್ಗಿ ಒಮ್ಮೆ ಕೆಮ್ಮಿದ್ದಕ್ಕೆ ಗುಡ್ಡದ ಮೇಲಿನ ಚಮರೀಮೃಗಗಳೆಲ್ಲ ಲಡಾಖಿಗೆ ಓಡಿಹೋದವು. ಗಾಡಿ ಅವನ ಬೆನ್ನೇರಿತು. ಒಳಗೆ ಅವಳು, ಅವಳ ಮಡಿಲಲ್ಲಿ ಎಲೆಯಡಿಕೆಯ ಚೀಲ, ಆ ಚೀಲಕ್ಕಿಂತ ಸಣ್ಣವಳಾದ ಸಾವಂತ್ರಿ. ನೀನೂ ಅಲ್ಲೇ ಇದ್ದೆ, ಈವರೆಗೆ ಹೇಳಿರಲಿಲ್ಲ ಅಷ್ಟೇ. ಬಾಗಿಲು ಹೆಪ್ಪುಗಟ್ಟಿತ್ತು, ನಾವಿಬ್ಬರೂ ಒಳಗೆ. ಅವನು ಒಂದೊಂದೇ ಹೆಜ್ಜೆ ಇಳಿದ, ಆ ತಿರುವಿಗೆ ಬಂದ. ಬಂದು ನಿಂತ. ಗಾಡಿ ಕೆಳಗಿಳಿಸಿ, ಬಾಗಿಲಿಗೆ ಬಾಯಿ ಹಚ್ಚಿ ನಿನ್ನನ್ನು ಹೆಸರು ಹಿಡಿದು ಕರೆದ.

ಕೆನ್ನೆಯ ಕೆಳಗೆ ಸಂದು ಮಿಸುಕಿದಂತಾಯಿತು. ಅದು ಬಾಗಿಲೋ ತನ್ನದೇ ನಡುಕವೋ ಅವಳಿಗೆ ತಿಳಿಯಲಿಲ್ಲ.

"ಒಳಗಿಂದ ನೀ ಏನಂದಿ, ಗೊತ್ತೈತೇನು?" ಎಂದಳು ಫಕೀರವ್ವ. "ನಾ ಹೇಳಂಗಿಲ್ಲ. ಮುಂದಿಂದು ನೀನ ಹೇಳಬೇಕು. ಸಾವಂತ್ರೀ, ಹೇಳ ನೋಡೂಣು."